ಬದಲಿಗೆ ಬಂದವನು

ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಯಾರೂ ಚೆಂಡು ಪುಟಿಸುವುದಿಲ್ಲ. ಮೊಮ್ಮಕ್ಕಳಿಗೆ ಈ ಕಟ್ಟಳೆ ಗೊತ್ತು, ಕಾರಣ ಗೊತ್ತಿಲ್ಲ. ಅಜ್ಜಿಗೆ ನಿದ್ದೆ ಕೆಡುತ್ತದೆ ಎಂದುಕೊಂಡಿದ್ದಾರೆ. ಹಾಗೆಯೇ ಅಂದುಕೊಳ್ಳಲಿ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ಆ ಸಂಗತಿ ಬಲ್ಲವರಲ್ಲಿ ಉಳಿದವಳು ನಾನೊಬ್ಬಳೇ ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಯಲಬುರ್ಗಾದವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ಗಂಗಾವತಿಗೆ ಬಂದೆ. ನಮ್ಮವರು ಅಳವಂಡಿಯ ಒಕ್ಕಲುತನದ ಮನೆಯವರು, ಆದರೆ ನೌಕರಿ ಇದ್ದದ್ದು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ. ಎಂಥ ನೌಕರಿ ಎಂದು ನಮ್ಮಪ್ಪ ಕೇಳಿದಾಗ ಮಾತುಕತೆಗೆ ಬಂದಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

"ಬಾಸ್ಕೆಟ್ ಬಾಲ್ ಆಡ್ತಾನ್ರಿ" ಎಂದರು ಕೊನೆಗೆ.

"ಅದು ಸಂಜಿಗಾತು. ಹಗಲೊತ್ತಿನ್ಯಾಗ ಏನ್ ಮಾಡ್ತಾನ?" ಎಂದರು ಅಪ್ಪ.

ಹಗಲು ಅವರು ಗಿರಣಿಯ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಒಳಗೆ ಬರುವ ಭತ್ತದ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದರು. ಅದು ಹೆಸರಿಗೆ. ಅವರನ್ನು ಇಟ್ಟುಕೊಂಡದ್ದು ಎತ್ತರಕ್ಕೆ. ಗಿರಣಿಯ ಸಣ್ಣ ಸಾಹುಕಾರರು ಶ್ರೀರಾಮನಗರದವರು, ಹೈದರಾಬಾದಿನಲ್ಲಿ ಓದಿ ಬಂದವರು. ಓದಿನ ಜೊತೆ ಈ ಆಟದ ಹುಚ್ಚನ್ನೂ ಹತ್ತಿಸಿಕೊಂಡು ಬಂದಿದ್ದರು. ಗಿರಣಿಯ ಹಿಂದೆ ಕುದಿಸಿದ ಭತ್ತ ಒಣಹಾಕುವ ದೊಡ್ಡ ಸಿಮೆಂಟಿನ ಅಂಗಳವಿತ್ತು. ಅದರ ಎರಡು ತುದಿಗೂ ಕಬ್ಬಿಣದ ಕಂಬ ನೆಡಿಸಿ, ಹಲಗೆ ಹೊಡೆಸಿ, ಚೆಂಡು ತೂರುವ ಬಳೆ ಬಿಗಿಸಿ, ಅದನ್ನೇ ಕೋರ್ಟು ಮಾಡಿಬಿಟ್ಟಿದ್ದರು. ಹಗಲು ಭತ್ತ, ಸಂಜೆ ಆಟ. ನದಿಯ ಈಚೆ ಆಚೆಯ ಗಿರಣಿ, ಕಾರ್ಖಾನೆ, ಗಣಿ ಕಂಪನಿಗಳ ತಂಡಗಳು ಬರುತ್ತಿದ್ದವು, ಇವರು ಅವರಲ್ಲಿಗೆ ಹೋಗುತ್ತಿದ್ದರು. ಆಟಗಾರರೆಲ್ಲ ಕರಾರಿನ ಮೇಲಿನವರು. ಇಷ್ಟು ವರ್ಷ ಈ ಗಿರಣಿಗೇ ಆಡುತ್ತೇನೆ ಎಂದು ಬರೆದುಕೊಟ್ಟರೆ ಪಗಾರ, ಅಕ್ಕಿ, ಮತ್ತು ಅಂಗಳದ ಅಂಚಿಗಿದ್ದ ಸಾಲುಮನೆಗಳಲ್ಲಿ ಒಂದು ಮನೆ.

ನಮ್ಮದು ಆ ಸಾಲಿನ ಕೊನೆಯ ಮನೆ. ಬಾಗಿಲಲ್ಲಿ ಕೂತರೆ ಇಡೀ ಅಂಗಳ ಕಾಣುತ್ತಿತ್ತು. ನಮ್ಮತ್ತೆಯೂ ಅಳವಂಡಿಯಿಂದ ಬಂದು ನಮ್ಮ ಜೊತೆಗೇ ಇದ್ದರು. ಬುಟ್ಟಿಯಲ್ಲಿ ಚೆಂಡು ಹಾಕಿದ್ದಕ್ಕೆ ಪಗಾರ ಕೊಡುತ್ತಾರೆ ಎಂಬುದನ್ನು ಅವರು ಕೊನೆತನಕ ನಂಬಲಿಲ್ಲ. "ಏನೋ ಯವ್ವಾ, ಇವತ್ತಲ್ಲ ನಾಳೆ ತಮಾಷೆ ಸಾಕು ಅಂತಾರ" ಎನ್ನುತ್ತಿದ್ದರು.

ಮದುವೆಯಾಗಿ ಎರಡನೆಯ ದೀಪಾವಳಿಗೆ ನಮ್ಮವರ ಕರಾರು ಮುಗಿಯುವುದಿತ್ತು. ಸಣ್ಣ ಸಾಹುಕಾರರು ಕರೆಸಿ, ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿ ಬರೆದುಕೊಡು ಎಂದರು. ನನಗೆ ಅದಕ್ಕೂ ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮತ್ತೆ ಬಸಿರಾದರೆ ನೀರು, ನೆರಳು, ಆಸ್ಪತ್ರೆ ಎಲ್ಲ ಹತ್ತಿರವಿರುವ ಈ ಮನೆ ಬಿಟ್ಟು ಎಲ್ಲಿಗೂ ಹೋಗಬಾರದು ಎಂಬುದೊಂದೇ ಅವರ ಮನಸ್ಸಿನಲ್ಲಿತ್ತು. ಸಹಿ ಮಾಡಿ ಬಂದ ದಿನ ಹೂವು ತಂದಿದ್ದರು.

"ಮೂರು ವರ್ಷ ಇಲ್ಲೇ. ಯಾರೂ ಅಲುಗಾಡಸಾಕ ಆಗಂಗಿಲ್ಲ" ಎಂದರು.

ನಾನೂ ಹಾಗೆಯೇ ತಿಳಿದೆ. ಬಾಗಿಲ ಮುಂದೆ ಒಂದು ಕರಿಬೇವಿನ ಸಸಿ ನೆಟ್ಟೆ.

ಯುಗಾದಿಯ ಹೊತ್ತಿಗೆ ನಾನು ಬಸುರಿ. ಆಗಲೇ ಸುದ್ದಿ ಬಂತು. ಹೊಸಪೇಟೆಯ ಆಚೆಗಿದ್ದ ಒಂದು ಗಣಿ ಕಂಪನಿಯ ತಂಡಕ್ಕೆ ಬಳೆಯ ಕೆಳಗೆ ನಿಲ್ಲುವ ಎತ್ತರದ ಆಳು ಬೇಕಾಗಿದ್ದ. ನಮ್ಮ ಗಿರಣಿಗೆ ಓಡುವ ಆಳು ಬೇಕಾಗಿದ್ದ. ಅವರಲ್ಲೊಬ್ಬ ಕುಷ್ಟಗಿಯವನು, ಗಾಳಿಯ ಹಾಗೆ ಓಡುತ್ತಾನೆ ಎಂದು ಹೆಸರಾಗಿದ್ದ. ಇವನನ್ನು ಕೊಟ್ಟು ಅವನನ್ನು ತರುವುದು ಎಂದು ಎರಡೂ ಕಡೆಯವರು ಮಾತಾಡಿ ಮುಗಿಸಿದ್ದರು. ಸಣ್ಣ ಸಾಹುಕಾರರು ಆ ಸುದ್ದಿ ಹೇಳಲು ತಾವೇ ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ನಮ್ಮವರು ಹಾಕಿಕೊಟ್ಟ ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲೇ ನಿಂತು ಹೇಳಿದರು.

"ನಾ ಇಲ್ಲೇ ಇರಾಕಂತ ಸಹಿ ಮಾಡಿದ್ದೆ ರೀ" ಎಂದರು ನಮ್ಮವರು.

"ಆ ಸಹಿ ಇರೋದಕ್ಕೇ ನಿನ್ನ ಕೇಳಿದ್ದು. ಕರಾರಿನ ಮುದ್ದತ್ತು ಮುಗಿಯಾಕ ಬಂದವನ್ನ ಯಾರು ತಗೋತಾರ ಹೇಳು? ಇವತ್ತು ತಗೊಂಡ್ರ ನಾಕು ತಿಂಗಳಿಗೆ ಕೈಮುಗಿದು ಮನಿಗಿ ಹೋಗ್ತಾನ, ಕೊಟ್ಟದ್ದು ದಂಡ. ನಿಂದು ಇನ್ನ ಎರಡೂವರಿ ವರ್ಷ ಐತಿ. ಅಷ್ಟು ದಿನ ನೀ ಎಲ್ಲೂ ಹೋಗಂಗಿಲ್ಲ ಅಂತ ಅವ್ರಿಗೆ ಧೈರ್ಯ. ಆ ಕುಷ್ಟಗಿ ಹುಡುಗಂದೂ ಅಷ್ಟ, ಅವನೂ ಮೊನ್ನೆ ಮುಂದುವರಿಸಿ ಬರಕೊಟ್ಟಾನ. ಅದಕ್ಕ ಸರೀಕ ಸರೀಕ ಕೂಡ್ತು."

"ಮತ್ತ ಪಕ್ಕದ ಮನಿಯವ್ರನ್ನ ಕಳಿಸ್ರಿ. ಅವ್ರೂ ಎತ್ತರ ಅದಾರ."

"ಅವಂದು ಶ್ರಾವಣಕ್ಕ ಮುಗೀತೈತಿ. ಪುಕ್ಕಟ ಕೊಟ್ರೂ ಒಲ್ಲೆ ಅಂದ್ರು."

ಪಕ್ಕದ ಮನೆಯಾತ ದೀಪಾವಳಿಯಲ್ಲಿ ಸಹಿ ಮಾಡಲು ಒಪ್ಪಿರಲಿಲ್ಲ. ಒಂದೊಂದು ವರ್ಷಕ್ಕೆ ನೋಡೋಣ ಎಂದಿದ್ದ. ಆಗ ನಮ್ಮವರು ಅವನಿಗೆ ಬುದ್ಧಿ ಹೇಳಿದ್ದರು. ಈಗ ಅವನು ಉಳಿದ, ಇವರು ಹೊರಟರು. ಉಳಿದ ಮುದ್ದತ್ತಿಗೆ ಬೇರೆ ತಂಡಕ್ಕೆ ಕಳಿಸಬಹುದು ಎಂಬ ಮಾತು ಎಲ್ಲರ ಕರಾರಿನಲ್ಲೂ ಇತ್ತು, ಓದಿಯೂ ಹೇಳಿದ್ದರು. ಸಹಿ ಮಾಡುವಾಗ ಆ ಮಾತಿಗೆ ಅರ್ಥವಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಗಣಿಯಲ್ಲಿ ಸಂಸಾರಕ್ಕೆ ಮನೆ ಇರಲಿಲ್ಲ, ಒಂಟಿ ಖೋಲಿಗಳಿದ್ದವು. ಹಾಗಾಗಿ ಹೆರಿಗೆಯಾಗಿ ಕೂಸಿಗೆ ವರ್ಷ ತುಂಬುವ ತನಕ ನಾನೂ ಅತ್ತೆಯೂ ಗಿರಣಿಯ ಮನೆಯಲ್ಲೇ ಇರಬಹುದು ಎಂದರು ಸಾಹುಕಾರರು. ಬರುವವನಿಗೆ ಗೇಟಿನ ಪಕ್ಕದ ಖೋಲಿ ಕೊಟ್ಟರು.

ಹೊರಡುವ ದಿನ ಬೆಳಿಗ್ಗೆ ನಾನೂ ಅತ್ತೆಯೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ಹೊಸಪೇಟೆಯಿಂದ ಬಂದ ಬಸ್ಸು ಅಲ್ಲೇ ತಿರುಗಿ ಹೊಸಪೇಟೆಗೆ ಹೋಗುತ್ತಿತ್ತು. ಅದರಿಂದ ಇಳಿದವರಲ್ಲಿ ತಲೆ ಬಗ್ಗಿಸಿ ಇಳಿದವನು ಒಬ್ಬನೇ. ನಮ್ಮವರಿಗಿಂತ ಒಂದು ಬೆರಳು ಗಿಡ್ಡ ಇರಬಹುದು. ತೆಳ್ಳಗೆ, ಕಪ್ಪಗೆ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಗುರುತು ಹಿಡಿದರು. ಇಬ್ಬರ ಕೈಯಲ್ಲೂ ಒಂದೊಂದು ಟ್ರಂಕು.

"ಅಲ್ಲಿ ಊಟ ಹೆಂಗ?" ಎಂದು ಕೇಳಿದರು ನಮ್ಮವರು.

"ಸಾರು ಭಾಳ ಸಪ್ಪನ ರೀ ಅಣ್ಣಾರ. ಉಪ್ಪಿನಕಾಯಿ ಒಯ್ಯಿರಿ" ಎಂದ. ಆಮೇಲೆ ನನ್ನನ್ನು ನೋಡಿ, ನನ್ನ ಹೊಟ್ಟೆ ನೋಡಿ, ಅವನ ನಗು ನಿಂತಿತು. "ನನಗ ಛಲೋ ಆತು ರೀ. ಕುಷ್ಟಗಿ ಹತ್ರ ಆತು, ಅವ್ವನ್ನ ನೋಡ್ತೀನಿ. ನಿಮಗ ಹಿಂಗಾತಲ್ಲ" ಎಂದ.

ಕಂಡಕ್ಟರ್ ಸೀಟಿ ಊದಿದ. ಒಬ್ಬರು ಇಳಿದ ಬಾಗಿಲಲ್ಲೇ ಇನ್ನೊಬ್ಬರು ಹತ್ತಿದರು. ಅವರಿಬ್ಬರೂ ಭೇಟಿಯಾದದ್ದು ಅಷ್ಟೇ.

ಗಿರಣಿಯ ಹತ್ತಿರ ಆಟದ ಬನಿಯನ್ನುಗಳು ಒಂದೇ ಜೊತೆ ಇದ್ದವು. ನಮ್ಮವರ ಏಳನೆಯ ನಂಬರಿನದು ಅವನ ಪಾಲಿಗೆ ಬಂತು. ಹಿಂದಿನ ವರ್ಷ ಅದು ಭುಜದ ಹತ್ತಿರ ಹರಿದಾಗ ಬಿಳಿ ದಾರ ಸಿಕ್ಕದೆ ನಾನು ಹಸಿರು ದಾರದಲ್ಲಿ ಹೊಲಿದಿದ್ದೆ. ಸಂಜೆ ಬಾಗಿಲಲ್ಲಿ ಕೂತರೆ ನನ್ನ ಹಸಿರು ಹೊಲಿಗೆ ಅಂಗಳದ ತುಂಬ ಓಡಾಡುವುದು ಕಾಣುತ್ತಿತ್ತು. ಬೆನ್ನು ಈಚೆಗಿದ್ದಾಗ ಅವನು ಮೇಲೆ ಹಾರಿದರೆ, ನಮ್ಮವರೇ ಎಂದು ಅರೆಗಳಿಗೆ ಅನಿಸಿಬಿಡುತ್ತಿತ್ತು. ತಿರುಗಿದಾಗ ಬೇರೆ ಮುಖ.

ಅತ್ತೆಗೂ ಹಾಗೆಯೇ ಆಗುತ್ತಿತ್ತು ಎಂದು ಕಾಣುತ್ತದೆ. ಒಂದು ದಿನ ಅವನನ್ನು ಕರೆದು ರೊಟ್ಟಿ ಕೊಟ್ಟರು. ಅಲ್ಲಿಂದ ದಿನಾ ಕೊಡತೊಡಗಿದರು. ಗಿರಣಿಯಲ್ಲಿ ಅನ್ನಕ್ಕೆ ಬರವಿಲ್ಲ, ಜೋಳದ ರೊಟ್ಟಿಗೆ ಬರ. ಅವನು ನಮ್ಮ ಕಟ್ಟೆಯ ಮೇಲೆ ಕೂತು, ಕಾಲು ಎಲ್ಲಿಡುವುದೆಂದು ತಿಳಿಯದೆ ಮಡಚಿಕೊಂಡು ತಿನ್ನುತ್ತಿದ್ದ. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಮಾತಿಗಿಂತ ನಗು ಹೆಚ್ಚು. ಮಾತಾಡಿದರೆ ಗಣಿಯದೇ ಮಾತು.

"ಅಣ್ಣಾರಿಗೆ ನನ್ನ ಖೋಲೀನ ಕೊಟ್ಟಾರಂತ ರೀ. ಅದರ ಕಿಟಕಿ ಬಾಗಲಾ ನಿಲ್ಲಂಗಿಲ್ಲ, ಗಾಳಿಗಿ ಬಡೀತಿರತೈತಿ. ಒಂದು ಕಲ್ಲು ಇಡಬೇಕು. ನಾ ಇಡ್ತಿದ್ದೆ. ಅವ್ರಿಗೆ ಹೇಳ್ರಿ."

ಮುಂದಿನ ಸಲ ನಮ್ಮವರು ರಜೆಗೆ ಬಂದಾಗ ಹೇಳಿದೆ. "ಕಲ್ಲು ಅಲ್ಲೇ ಇತ್ತು. ಒಂದು ಉರುಟನ ಕೆಂಪು ಕಲ್ಲು. ಯಾರು ಇಟ್ಟಾರ, ಯಾಕ ಇಟ್ಟಾರ ಅಂತ ದಿನಾ ನೋಡ್ತಿದ್ದೆ" ಎಂದರು. ಆ ಸಲ ಅವನು ಕುಷ್ಟಗಿಗೆ ಹೋಗಿದ್ದ, ಭೇಟಿಯಾಗಲಿಲ್ಲ. ಇಬ್ಬರ ರಜೆಯೂ ಒಂದೇ ಹೊತ್ತಿಗೆ ಬರುತ್ತಿತ್ತು.

ಮಳೆಗಾಲದಲ್ಲಿ ಅಂಗಳದಲ್ಲಿ ಭತ್ತ ಹರವುತ್ತಿರಲಿಲ್ಲ. ಮೋಡ ತೆರವಾದ ಮಧ್ಯಾಹ್ನಗಳಲ್ಲಿ, ಗಿರಣಿಯವರೆಲ್ಲ ಉಂಡು ಮಲಗಿದಾಗ, ಅವನು ಒಬ್ಬನೇ ಚೆಂಡು ಪುಟಿಸುತ್ತ ಅಭ್ಯಾಸ ಮಾಡುತ್ತಿದ್ದ. ಮೂರು ಸಲ ನಿಧಾನ, ಆಮೇಲೆ ಬೇಗ ಬೇಗ, ಆಮೇಲೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಬಳೆಯ ಸದ್ದು. ಅವನ ಕೈಗೆ ಅದೊಂದು ರೂಢಿ. ನಡು ಮಧ್ಯಾಹ್ನ ಬಯಲಲ್ಲಿ ಒಬ್ಬನೇ ಇರಬಾರದು, ಅದು ಬ್ಯಾರೆಯವರು, ಗಾಳಿ ದೆವ್ವದಂಥವರು, ತಿರುಗಾಡುವ ಹೊತ್ತು ಎಂದು ಅತ್ತೆ ಬೈಯುತ್ತಿದ್ದರು. "ನನ್ನ ಬಣ್ಣ ನೋಡಿ ಅವ್ರ ಓಡಿ ಹೋಗ್ತಾರ ಬಿಡ್ರಿ ಅಮ್ಮಾ" ಎನ್ನುತ್ತಿದ್ದ. ಶ್ರಾವಣದಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಆ ಸದ್ದು ಕೇಳಿದರೆ ಅದು ಅಳು ನಿಲ್ಲಿಸಿ ಕಿವಿಗೊಡುತ್ತಿತ್ತು.

ಭಾದ್ರಪದದಲ್ಲಿ ಒಂದು ದಿನ ಅವನು ರೊಟ್ಟಿ ಅರ್ಧಕ್ಕೆ ಬಿಟ್ಟ. ಮರುದಿನ ಮುಟ್ಟಲೇ ಇಲ್ಲ. ಬಿಸಿಲಿಗೆ ಮುಖ ತಿರುಗಿಸಿದಾಗ ನೋಡಿದೆ, ಕಣ್ಣಿನ ಬಿಳಿ ಅರಿಶಿಣದ ಹಾಗಿತ್ತು.

"ಕಾಮಾಲಿ ಆಗೇತಿ ನಿಮಗ" ಎಂದೆ. "ಆಸ್ಪತ್ರಿಗಿ ಹೋಗ್ರಿ. ಆಟ ಬಿಡ್ರಿ."

"ಹೊಸದಾಗಿ ಬಂದೀನಿ ಅಕ್ಕಾರ. ಬಂದ ವರ್ಷನ ಮಲಗಿದ್ರ, ಇಂಥವನ್ನ ತರಾಕ ಅಂಥವ್ರನ್ನ ಕೊಟ್ವಿ ಅಂತಾರ. ಈ ಸಲದ ಪಂದ್ಯ ಒಂದು ಮುಗೀಲಿ."

ಅವನು ಪಂದ್ಯ ಆಡಿದ. ಗೆದ್ದರು ಕೂಡ. ಆಮೇಲೆ ಅವನು ಬಂದು ನಮ್ಮ ಕಟ್ಟೆಯ ಮೇಲೆ ಮಲಗಿದವನು ತಾನಾಗಿ ಏಳಲಿಲ್ಲ. ಅತ್ತೆ ಹಳ್ಳಿಯ ಔಷಧ ತರಿಸಿ ಹಾಕಿದರು. ಸಾಹುಕಾರರು ಗಾಬರಿಯಾಗಿ ತಾವೇ ಗಂಗಾವತಿಯ ಡಾಕ್ಟರರನ್ನು ಕರೆತಂದರು, ಮರುದಿನ ಕಾರಿನಲ್ಲಿ ಕೊಪ್ಪಳಕ್ಕೆ ಕಳಿಸಿದರು. ಕಾರು ಬರುವ ತನಕ ನಾನು ಅವನ ತಲೆಯ ಹತ್ತಿರ ಕೂತು ಗಾಳಿ ಹಾಕುತ್ತಿದ್ದೆ. ಅವನಿಗೆ ಸ್ಥಿಮಿತ ತಪ್ಪಿತ್ತು. ತಾನು ಗಣಿಯ ಖೋಲಿಯಲ್ಲಿದ್ದೇನೆ ಎಂದು ತಿಳಿದಿದ್ದ.

"ಕಿಟಕಿ ಬಡ್ಯಾಕತೈತಿ. ಕಲ್ಲು ಎಲ್ಲಿ?" ಎಂದ.

"ಇಟ್ಟೀನಿ" ಎಂದೆ.

"ಯಾರದು?"

"ನಾ, ಅಕ್ಕ."

"ಈ ಖೋಲ್ಯಾಗ ನೀವ್ಯಾಕ ಬಂದ್ರಿ? ಇಲ್ಲಿಗಿ ಅಣ್ಣಾರು ಬರಬೇಕಲ್ಲ" ಎಂದ. ಅದೇ ಅವನು ನನ್ನೊಡನೆ ಆಡಿದ ಕೊನೆಯ ಮಾತು. ದಸರೆಗೆ ಮೊದಲೇ ಕೊಪ್ಪಳದ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಅವ್ವ ಬಂದಿದ್ದಳಂತೆ. ಅಲ್ಲಿಂದ ಹಾಗೆಯೇ ಕುಷ್ಟಗಿಗೆ ಒಯ್ದರು. ಬಾಣಂತಿಯಾದ್ದರಿಂದ ನನ್ನನ್ನು ಅತ್ತೆ ಕಳಿಸಲಿಲ್ಲ. ಗೇಟಿನ ಪಕ್ಕದ ಖೋಲಿಗೆ ಬೀಗ ಹಾಕಿದರು.

ಅದಾದ ಮೇಲೆ ಸುಗ್ಗಿ ಬಂತು. ಹೊಸ ಭತ್ತ ಗಾಡಿಗಟ್ಟಲೆ ಬಂದು ಬೀಳತೊಡಗಿತು. ಬೆಳಗಾದರೆ ಅಂಗಳದ ತುಂಬ ಕುದಿಸಿದ ಭತ್ತ ಹರವುತ್ತಿದ್ದರು. ಕಾಲಿಡಲು ಜಾಗವಿಲ್ಲದ ಹಾಗೆ, ಅಂಚಿನಿಂದ ಅಂಚಿಗೆ. ಒಂದು ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತ ಒಳಗೆ ಕೂತಿದ್ದೆ. ಚೆಂಡಿನ ಸದ್ದು ಕೇಳಿತು. ಮೂರು ಸಲ ನಿಧಾನ, ಆಮೇಲೆ ಬೇಗ ಬೇಗ. ಯಾರೋ ಆಡುತ್ತಿದ್ದಾರೆ ಎಂದು ಮೊದಲು ಅನಿಸಿತು. ಆಮೇಲೆ ನೆನಪಾಯಿತು, ಹೊರಗೆ ಭತ್ತ ಹರವಿದೆ. ಭತ್ತದ ಮೇಲೆ ಚೆಂಡು ಪುಟಿಯುವುದಿಲ್ಲ. ಮಗು ಹಾಲು ಬಿಟ್ಟು ಬಾಗಿಲ ಕಡೆ ಕತ್ತು ತಿರುಗಿಸಿತು.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಅವರ ಮುಖ ನೋಡಿದರೆ ಅವರಿಗೂ ಕೇಳಿದೆ ಎಂದು ತಿಳಿಯುತ್ತಿತ್ತು.

"ಹೊರಗ ಹೋಗಬ್ಯಾಡ" ಎಂದರು.

"ಯಾರತ್ತಿ ಅದು?"

"ಯಾರರ ಆಗಲಿ. ನಿನ್ನ ಕರ್ಯಾಕ ಬಂದಿಲ್ಲ. ತನ್ನ ಮುದ್ದತ್ತು ಇನ್ನ ಐತಂತ ತಿಳ್ಕೊಂಡಾನ."

ನಾನು ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಬಿಸಿಲಲ್ಲಿ ಭತ್ತ ಹೊಳೆಯುತ್ತಿತ್ತು, ಗುಬ್ಬಿಗಳು ಕೂತು ಹೆಕ್ಕುತ್ತಿದ್ದವು. ಒಂದೂ ಹಾರಲಿಲ್ಲ. ಮರುದಿನ ಅತ್ತೆ ಒಂದು ರೊಟ್ಟಿ, ಪಲ್ಯ, ಮೊಸರು ಎಲೆಯ ಮೇಲಿಟ್ಟು ಗೇಟಿನ ಪಕ್ಕದ ಖೋಲಿಯ ಮುಂದೆ ಎಡೆ ಇಟ್ಟು ಬಂದರು. ಆದರೂ ಸದ್ದು ನಿಲ್ಲಲಿಲ್ಲ. ದಿನಾ ಅಲ್ಲ, ಯಾವಾಗಲೋ ಒಮ್ಮೆ. ಹಮಾಲರನ್ನು ಕೇಳಿದೆ, ಅವರಿಗೆ ಏನೂ ಕೇಳಿರಲಿಲ್ಲ. ಬಾಣಂತಿಯ ತಲೆಗೆ ಗಾಳಿ ಹಿಡಿದಿದೆ ಎಂದು ಅವರು ಅಂದುಕೊಂಡಿರಬೇಕು. ಇರಬಹುದು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಅತ್ತೆ ಬಾಣಂತಿಯಾಗಿರಲಿಲ್ಲ.

ಸಂಕ್ರಾಂತಿಗೆ ನಮ್ಮವರು ಬಂದರು. ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಬಂದವರು ಕೈಕಾಲು ತೊಳೆಯದೆ ಆ ಖೋಲಿಯ ಬೀಗದ ಮುಂದೆ ಹೋಗಿ ನಿಂತರು. ಒಳಗೆ ಬಂದ ಮೇಲೆ ಒಂದೇ ಮಾತು ಹೇಳಿದರು.

"ನಾ ಆ ದೀಪಾವಳಿಗೆ ಸಹಿ ಮಾಡದಿದ್ರ ನನ್ನ ಯಾರೂ ಕೇಳ್ತಿದ್ದಿಲ್ಲ. ನನ್ನ ಕೇಳದಿದ್ರ ಅವ ಇಲ್ಲಿಗಿ ಬರ್ತಿದ್ದಿಲ್ಲ."

"ಅವಗ ಇಲ್ಲಿಗಿ ಬಂದದ್ದು ಸಂತೋಷ ಇತ್ತು ರೀ. ಅವ್ವ ಹತ್ರ ಆದ್ಲು ಅಂತಿದ್ದ" ಎಂದೆ.

"ಅದಕ್ಕ ಇನ್ನೂ ಸಂಕಟ" ಎಂದರು.

ಆ ಸಲ ಅವರಿಗೆ ಮಧ್ಯಾಹ್ನದ ಸದ್ದಿನ ಬಗ್ಗೆ ನಾನು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಹೊರಡುವ ಹಿಂದಿನ ದಿನ ಊಟಕ್ಕೆ ಕೂತವರು ತುತ್ತು ಕೈಯಲ್ಲಿ ಹಿಡಿದು ಹಾಗೆಯೇ ಕಿವಿಗೊಟ್ಟರು. ಅಂಗಳದಲ್ಲಿ ಭತ್ತ ಹರವಿತ್ತು.

"ಬಲಗೈಯಿಂದ ಎಡಕ್ಕ ತಗೊಂಡ" ಎಂದರು ಮೆಲ್ಲಗೆ. ಅವರು ಆಟ ಬಲ್ಲವರು. ನಮಗೆ ಬರೀ ಸದ್ದು ಕೇಳಿದರೆ ಅವರಿಗೆ ಆ ಸದ್ದಿನಲ್ಲಿ ಆಟವೇ ಕಂಡಿತ್ತು.

ಇಬ್ಬರನ್ನೂ ಕಳೆದುಕೊಂಡ ಗಿರಣಿಗೆ ಈಗ ನಮ್ಮವರು ಬೇಕಾದರು. ಸಣ್ಣ ಸಾಹುಕಾರರು ಗಣಿಯವರ ಜೊತೆ ಮಾತಾಡಿದರು. ಬೇಸಿಗೆಯಲ್ಲಿ ನಮ್ಮವರು ಮತ್ತೆ ರಜೆಗೆ ಬಂದಾಗ ಮನೆಗೆ ಬಂದು ಕೂತರು. ಈ ಸಲ ಕುರ್ಚಿಯಲ್ಲೇ ಕೂತರು, ಮುಖದಲ್ಲಿ ಹುರುಪಿತ್ತು.

"ನಿನ್ನ ವಾಪಸ್ ತರೋ ದಾರಿ ಆಗೇತಿ. ಗಣಿಯವ್ರು ನಿನ್ನ ಬದಲಿಗಿ ಇಬ್ರನ್ನ ಕೇಳ್ತಾರ. ನಿಂದು ಇನ್ನ ಒಂದೂವರಿ ವರ್ಷಾನೂ ಇಲ್ಲ, ಅಷ್ಟಕ್ಕ ನಾ ಇಬ್ರನ್ನ ಹೆಂಗ ಕೊಡ್ಲಿ? ನೀ ಮುಂದುವರಿಸಿ ಇನ್ನ ಮೂರು ವರ್ಷ ಬರಕೊಟ್ಟಿ ಅಂದ್ರ ಕೊಡ್ತೀನಿ. ಮುಂದಿನ ತಿಂಗಳು ನಿನ್ನ ಹೆಂಡ್ರು ಮಗಳ ಜೋಡಿ ಇಲ್ಲೇ ಇರ್ತೀ."

ನನ್ನ ಎದೆ ಹಗುರಾಯಿತು. ಒಳಗಿನಿಂದಲೇ ಅವರ ಬೆನ್ನು ನೋಡುತ್ತ ನಿಂತಿದ್ದೆ.

"ಯಾರಿಬ್ರನ್ನ?" ಎಂದು ಕೇಳಿದರು ಅವರು.

"ಪದ್ಧತಿಯಂಗ ಕರಾರು ಉದ್ದ ಇದ್ದವ್ರನ್ನ. ಮೊನ್ನೆ ಮದುವ್ಯಾದನಲ್ಲ, ಮೂರನೇ ಮನಿಯವ, ಅವನೊಬ್ಬ. ಇನ್ನೊಬ್ಬನ್ನ ನೋಡ್ತೀನಿ."

ಮೂರನೆಯ ಮನೆಯ ಮುಂದೆ ಹಸಿರು ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ನಮ್ಮವರು ಅತ್ತ ನೋಡಿದರು.

"ನಾ ಒಲ್ಲೆ ರೀ" ಎಂದರು. "ಇರೋ ಮುದ್ದತ್ತು ಅಲ್ಲೇ ಮುಗಸ್ತೀನಿ. ಮುಂದ ಯಾರಿಗೂ ಬರಕೊಡಂಗಿಲ್ಲ."

ಸಾಹುಕಾರರು ಅವರನ್ನೇ ನೋಡಿದರು. "ಸಹಿ ಮಾಡದ ಮನಷ್ಯಾನ್ನ ಯಾರೂ ಕೊಳ್ಳಂಗಿಲ್ಲ, ಯಾರೂ ಕೊಡಂಗಿಲ್ಲ. ಗೊತ್ತೈತಲ್ಲ?"

"ಗೊತ್ತೈತಿ ರೀ. ಅದಕ್ಕ."

ಸಾಹುಕಾರರು ಹೋದ ಮೇಲೆ ನಾನು ಅಳುತ್ತ ಕೂಗಾಡಿದೆ. ಕೂಸು ಇನ್ನೂ ನಿಮ್ಮ ಮುಖ ಗುರುತು ಹಿಡಿಯುವುದಿಲ್ಲ ಎಂದೆ. ಹೋದವನು ಹೋದ, ನೀವು ಅಲ್ಲಿ ಒಂಟಿ ಕೂತರೆ ಅವನು ಎದ್ದು ಬರುತ್ತಾನೆಯೇ ಎಂದೆ. ಅವರು ಮಗುವನ್ನು ಎತ್ತಿಕೊಂಡು ತೂಗುತ್ತ ಎಲ್ಲವನ್ನೂ ಕೇಳಿದರು. ಕೊನೆಗೆ, "ನನ್ನ ಸಹಿಗೆ ಒಬ್ಬ ಬಂದು ಹೋಗ್ಯಾನ. ಇನ್ನಿಬ್ರು ಬ್ಯಾಡ" ಎಂದರು. ಆಗ ನನಗೆ ಅದು ಹಟ ಎನಿಸಿತು. ಅದು ಹೆದರಿಕೆ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಮೂರನೆಯ ಮನೆಯ ಹುಡುಗಿಗೆ ಈ ಸಂಗತಿ ಯಾವತ್ತೂ ಗೊತ್ತಾಗಲಿಲ್ಲ. ಅವಳು ನನ್ನಿಂದ ಕರಿಬೇವು ಕೇಳಿ ಒಯ್ಯುತ್ತಿದ್ದಳು.

ಗಿರಣಿಯ ಮನೆ ಬಿಡಬೇಕಾಯಿತು. ನಾನೂ ಅತ್ತೆಯೂ ಮಗುವನ್ನು ಕರೆದುಕೊಂಡು ಅಳವಂಡಿಗೆ ಬಂದೆವು. ಗಣಿಯವರೂ ಸಂಸಾರದ ಮನೆ ಕೊಡುತ್ತೇವೆ, ಕರಾರು ಮುಂದುವರಿಸು ಎಂದರಂತೆ, ಇವರು ಒಪ್ಪಲಿಲ್ಲ. ಮುಗಿಯುವ ಹೊತ್ತು ಹತ್ತಿರ ಬಂದಂತೆ ಆಟಕ್ಕೆ ಇಳಿಸುವುದನ್ನೂ ಕಡಿಮೆ ಮಾಡಿದರಂತೆ. ಆ ದಿನಗಳ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ಆ ಖೋಲಿಯಲ್ಲಿ ಒಂಟಿತನ ಅನಿಸಲಿಲ್ಲ ಎಂದು ಒಮ್ಮೆ ಹೇಳಿದರು. ನಾನು ಮುಂದೆ ಕೇಳಲಿಲ್ಲ.

ಮುದ್ದತ್ತು ಮುಗಿದು ಟ್ರಂಕು ಹಿಡಿದು ಅಳವಂಡಿಗೆ ಬಂದ ಮೇಲೆ ಅವರು ಚೆಂಡು ಮುಟ್ಟಲಿಲ್ಲ. ಒಂದೆರಡು ತಂಡದವರು ಬಂದು ಕರೆದರು, ಕೈಮುಗಿದು ಕಳಿಸಿದರು. ನೀರಾವರಿ ಇಲಾಖೆಯಲ್ಲಿ ಕಾಲುವೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದಕ್ಕೂ ಮೊದಲು ಅವರು ಮಾಡಿದ ಕೆಲಸ ಎಂದರೆ ಕುಷ್ಟಗಿಗೆ ಹೋದದ್ದು. ನನ್ನನ್ನೂ ಕರೆದುಕೊಂಡು ಹೋದರು.

ಅವನ ಅವ್ವ ಒಬ್ಬಳೇ ಇರಲಿಲ್ಲ, ಹಿರಿಯ ಮಗ, ಸೊಸೆ, ಕುರಿ, ದನ, ತುಂಬಿದ ಮನೆ. ಮುದುಕಿ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬಾಗಿಲಿಗೆ ತಲೆ ತಾಗುತ್ತದೆಂದು ನಮ್ಮವರು ಬಗ್ಗಿದ್ದನ್ನು ನೋಡಿ ಅವಳ ಕೈ ನಿಂತಿತು.

"ಯಾರಪಾ?"

"ನಿಮ್ಮ ಮಗ ಗಂಗಾವತಿಗಿ ಬಂದಾಗ, ಅಲ್ಲಿಂದ ಹೋದವ ನಾ" ಎಂದರು ನಮ್ಮವರು.

ಅವಳು ಬೈಯಬಹುದು, ಅಳಬಹುದು ಎಂದು ದಾರಿಯುದ್ದಕ್ಕೂ ನಾನು ಹೆದರಿದ್ದೆ. ಅವಳು ಚಾಪೆ ಹಾಸಿದಳು. ನೀರು ಕೊಟ್ಟಳು. ಬಹಳ ಹೊತ್ತಾದ ಮೇಲೆ ಕೇಳಿದಳು, "ಆ ಗಣ್ಯಾಗ ನನ್ನ ಮಗ ಅಷ್ಟು ವರ್ಷ ಇದ್ದ. ನಾ ಒಂದಿನ ಹೋಗಿ ನೋಡ್ಲಿಲ್ಲ. ಅಲ್ಲಿ ಅವ ಎಲ್ಲಿ ಇರತಿದ್ದ, ಎಲ್ಲಿ ಮಲಗತಿದ್ದ, ಏನರ ನಿನಗ ಗೊತ್ತೇನಪಾ?"

ಆಗ ನಮ್ಮವರ ಬಾಯಿ ಬಿಚ್ಚಿತು. ಎರಡೂವರೆ ವರ್ಷ ಅವರು ಅವನ ಖೋಲಿಯಲ್ಲೇ ಮಲಗಿದ್ದರಲ್ಲ. ಖೋಲಿಯ ಬಾಗಿಲಲ್ಲಿ ನಿಂತರೆ ಗುಡ್ಡ ಕಾಣುತ್ತದೆ, ಮಳೆ ಬಂದರೆ ಮುಂದಿನಿಂದ ಕೆಂಪು ನೀರು ಹರಿಯುತ್ತದೆ ಎಂದರು. ಮಂಚ ಗಿಡ್ಡ, ಕಾಲು ಚಾಚಲೆಂದು ಅವನು ಕಾಲ ಕಡೆಯ ಹಲಗೆ ಕಿತ್ತು ಅಲ್ಲೊಂದು ಡಬ್ಬಿ ಇಟ್ಟಿದ್ದ ಎಂದರು. ಗೋಡೆಗೆ ಎಣ್ಣೆ ತಲೆ ಆನಿಸಿದ ಗುರುತಿದೆ, ನಾನೂ ಅಲ್ಲೇ ಆನಿಸಿ ಕೂರುತ್ತಿದ್ದೆ ಎಂದರು. ಊಟದ ಸಾಲಿನಲ್ಲಿ ಬಡಿಸುವ ಮುದುಕ ಬಹಳ ದಿನ ತಮ್ಮನ್ನು ಅವನ ಹೆಸರು ಹಿಡಿದೇ ಕರೆಯುತ್ತಿದ್ದ ಎಂದರು. ಮುದುಕಿ ಒಂದೊಂದನ್ನೂ ಮತ್ತೆ ಹೇಳಿಸಿ ಕೇಳಿದಳು. ಅದು ಮುಗಿದ ಮೇಲೆ ನನ್ನ ಕಡೆ ತಿರುಗಿದಳು. ನಾನು ಗಂಗಾವತಿಯ ಅವನ ಕೊನೆಯ ತಿಂಗಳುಗಳನ್ನು ಹೇಳಿದೆ, ರೊಟ್ಟಿ, ನಗು, ಕೂಸು ಅಳು ನಿಲ್ಲಿಸುತ್ತಿದ್ದದ್ದು. ಮಧ್ಯಾಹ್ನದ ಸದ್ದನ್ನು ಮಾತ್ರ ಹೇಳಲಿಲ್ಲ.

"ವರ್ಷಕ್ಕೊಮ್ಮೆ ಬಂದು ಇದನ್ನ ಹೇಳಿ ಹೋಗಪಾ" ಎಂದಳು ನಾವು ಏಳುವಾಗ.

ವರ್ಷಕ್ಕೊಮ್ಮೆ ಹೋದೆವು. ಪ್ರತಿ ಸಲವೂ ಅವರು ಅದನ್ನೇ ಹೇಳುತ್ತಿದ್ದರು, ಗುಡ್ಡ, ಕೆಂಪು ನೀರು, ಮಂಚ. ಅವಳ ಕಣ್ಣು ಮಸುಕಾಗುತ್ತ ಬಂತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಸಲ ಹೋದಾಗ ಅವಳು ಹಾಸಿಗೆ ಹಿಡಿದಿದ್ದಳು. ನಮ್ಮವರು ಬಾಗಿಲಲ್ಲಿ ಬಗ್ಗಿ ಒಳಗೆ ಬಂದರು. ಅವಳು ತಲೆ ಎತ್ತಿ, ಮಗನ ಹೆಸರು ಹಿಡಿದು ಕರೆದಳು. ಸೊಸೆ ತಿದ್ದಲು ಬಾಯಿ ತೆರೆದಳು. ನಮ್ಮವರು ಕೈಸನ್ನೆಯಲ್ಲೇ ಬೇಡವೆಂದು ಹಾಸಿಗೆಯ ಪಕ್ಕ ಕೂತರು.

"ಹೂಂ ಅವ್ವಾ, ಬಂದೀನಿ" ಎಂದರು.

"ಗಣ್ಯಾಗಿಂದ ಯಾವಾಗ ಬಿಟ್ರೋ?"

"ಬಿಟ್ರು. ಮುದ್ದತ್ತು ಮುಗೀತು."

"ಮತ್ತ ಬರಕೊಟ್ಟಿಲ್ಲಲ್ಲ?"

"ಇಲ್ಲವ್ವಾ."

ಅವಳು ಅವರ ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಇಂತಹ ಉದ್ದ ಬೆರಳು ಇನ್ನಾರಿಗೂ ಇರುವುದಿಲ್ಲ ಎಂದು ಅವಳಿಗೆ ಅನಿಸಿರಬೇಕು. ಕೈ ಬಿಡದೆ ಹಾಗೆಯೇ ನಿದ್ದೆಹೋದಳು. ಸಂಜೆಯ ಬಸ್ಸು ಹಿಡಿದು ಯಲಬುರ್ಗಾದ ಮೇಲೆ ಹಿಂದಿರುಗುವಾಗ ನಮ್ಮವರು ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆದವಳಲ್ಲ ನಾನು, ಆ ಕಾಲದ ಹೆಂಗಸು. ಆ ದಿನ ಮಾತ್ರ ಕರೆದು ನೋಡಬೇಕೆನಿಸಿತು, ತಮ್ಮ ಹೆಸರಿಗೆ ಇನ್ನೂ ಓಗೊಡುತ್ತಾರೋ ಇಲ್ಲವೋ ಎಂದು. ಧೈರ್ಯವಾಗಲಿಲ್ಲ.